ಬೆಳಿಗ್ಗೆ ಬಿಗಿ, ಮಧ್ಯಾಹ್ನ ಸಡಿಲು

ಬೆಳಿಗ್ಗೆ ಬಿಗಿಯಾಗಿದ್ದು ಮಧ್ಯಾಹ್ನಕ್ಕೆ ಸಡಿಲಾಗುವ ಉಕ್ಕಿನ ನಳಿಕೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎಂಬತ್ತರ ದಶಕದ ಆರಂಭದ ಒಂದು ಚಳಿಗಾಲದಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿದ್ದ ನನ್ನ ಸಣ್ಣ ವರ್ಕ್‌ಶಾಪಿಗೆ ಅಂಥದ್ದೊಂದು ಬಂದು ಟೇಬಲ್ಲಿನ ಮೇಲೆ ಮಲಗಿತು. ಡೈ ಮತ್ತು ಪಂಚು ಮಾಡುವುದು ನನ್ನ ಕಸುಬು. ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಗಿರಾಕಿಯ ಜೊತೆ ಜಗಳ ತೆಗೆಯುವ ಮನುಷ್ಯ ನಾನು. ಉಕ್ಕು ನಮ್ಮ ನಿಮ್ಮ ಹಾಗಲ್ಲ, ಒಂದು ಸಲ ಹೇಳಿದ ಅಳತೆಗೆ ತಪ್ಪುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ನನ್ನ ಬದುಕು ನಡೆದಿತ್ತು. ಈ ಒಂದು ಏರ್ ರೈಫಲ್ಲು ನನ್ನನ್ನು ಹಣ್ಣುಗಾಯಿ ನೀರುಗಾಯಿ ಮಾಡಿಬಿಟ್ಟಿತು.

ರೈಫಲ್ಲು ತಂದವರು ಖಾನಾಪುರದ ಒಂದು ಹೆಣ್ಣುಮಕ್ಕಳ ಶಾಲೆಯ ಹೊಲಿಗೆ ಶಿಕ್ಷಕಿ. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಅನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತಿದ್ದೆ. ಮಾತು ಕಡಿಮೆ, ಕೈ ಗಟ್ಟಿ. ಮಬ್ಬು ಬೆಳಕಿನಲ್ಲೂ ಸೂಜಿಗೆ ದಾರ ಪೋಣಿಸುವ ಆ ಕೈಗೆ ಗುರಿ ಹೊಡೆಯುವುದು ಹೇಗೋ ಒಲಿದಿತ್ತು. ಆದರೆ ರೈಫಲ್ಲು ಅವರದಲ್ಲ, ಬೆಳಗಾವಿಯ ಒಂದು ಶೂಟಿಂಗ್ ಕ್ಲಬ್ಬು ಎರವಲಾಗಿ ಕೊಟ್ಟದ್ದು. ಹೊರದೇಶದ ಮಾಲು. ಏರ್ ಗನ್ನಿಗೆ ಹಾಕುವ ಸಣ್ಣ ಸೀಸದ ಗುಂಡಿಗೆ ನಮ್ಮಲ್ಲಿ ಛರ್ರಾ ಅನ್ನುತ್ತಾರೆ. ಅದರ ಜೊತೆ ಬಂದಿದ್ದ ಹೊರದೇಶದ ಛರ್ರಾ ಎಂದೋ ಮುಗಿದಿತ್ತು, ಮತ್ತೆ ತರಿಸುವ ದಾರಿ ಇರಲಿಲ್ಲ. ಪೇಟೆಯ ಛರ್ರಾ ಹಾಕಿದರೆ ಎತ್ತು ಏರಿಗೆ, ಕೋಣ ನೀರಿಗೆ.

ಅವರ ಜೊತೆ ಮೊದಲ ದಿನ ಕ್ಲಬ್ಬಿನ ಕಾರ್ಯದರ್ಶಿಯೂ ಬಂದಿದ್ದರು. ಸೈನ್ಯದಿಂದ ನಿವೃತ್ತರಾದ ಸುಭೇದಾರರು, ನಿಂತಲ್ಲಿ ಸಲಾಕೆ ನೆಟ್ಟ ಹಾಗೆ ನಿಲ್ಲುವವರು.

"ಸಂಕ್ರಾಂತಿ ಆದ ಮ್ಯಾಲೆ ಟ್ರಯಲ್ ಐತಿ," ಎಂದರು. "ರಾಜ್ಯದ ತಂಡದಾಗ ಈಕಿ ಹೆಸರು ಬಂತಂದ್ರ ರೈಫಲ್ಲು ಈಕಿ ಹತ್ರನ ಇರ್ಲಿ. ಬರಲಿಲ್ಲಂದ್ರ ವಾಪಸ್ ತಗೊಂಡು ಬ್ಯಾರೇದವ್ರಿಗೆ ಕೊಡಾವ. ಹೋದ ವರ್ಷ ಮೊದಲಿನ ಗುಂಡೆಲ್ಲಾ ಎಲ್ಲೆಲ್ಲೋ ಹೊಡದು ಬಂದಾಳ. ಕಡೀಕ ಎಷ್ಟು ಚಲೋ ಹೊಡದ್ರೇನು?"

ನನಗೂ ಒಂದು ಅಪ್ಪಣೆಯಾಯಿತು. "ಅಳತಿ ತಗೋಳಾಕ ಒಂದ ಸಲ ನಳಿಗಿಯೊಳಗ ಸಳಿ ಹಾಕ್ರಿ. ದಿನಾ ತಿಕ್ಕಿ ತಿಕ್ಕಿ ಒಳಗಿನ ಗೀರು ಹಾಳ ಮಾಡಬ್ಯಾಡ್ರಿ."

ಅವರು ಹೊರಗೆ ಹೋದ ಮೇಲೆ ಅಕ್ಕೋರು ಮೆಲ್ಲಗೆ ಹೇಳಿದರು. "ನನಗ ಇನ್ನೊಂದು ರೈಫಲ್ ಯಾರೂ ಕೊಡೂದಿಲ್ರಿ ಅಣ್ಣಾರ. ಇದು ಹೋತಂದ್ರ ನಂದು ಅಲ್ಲಿಗೇ ಮುಗೀತು."

ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳುವಾಗ ನನಗೆ ಹೆಮ್ಮೆಯೇ ಆಗಿತ್ತು. ಮನೆಯಲ್ಲಿ ಮಾತ್ರ ನನ್ನ ಹೆಂಡತಿ ಬಿಡಲಿಲ್ಲ. ನಾವು ಜೈನರು, ವಾರಕ್ಕೊಮ್ಮೆ ಕೋಟೆಯೊಳಗಿನ ಬಸದಿಗೆ ಹೋಗಿ ಬರುವವರು. "ಬಸದಿಗೆ ಕೈ ಮುಗದು ಬಂದು ಗುಂಡು ಮಾಡಾವ್ರು ಊರಾಗ ನೀವೊಬ್ರ ನೋಡ್ರಿ," ಎಂದಳು. ಕಾಗದಕ್ಕೆ ಹೊಡೆಯಲಿಕ್ಕೆ ಮಾರಾಯ್ತಿ, ಕಾಗದಕ್ಕೆ ಜೀವ ಇಲ್ಲ ಎಂದೆ. "ನಿಮಗ ಐತಲ್ಲ," ಎಂದಳು. ಅದರ ಅರ್ಥ ಮುಂದೆ ಚೆನ್ನಾಗಿ ತಿಳಿಯಿತು.

ಕೆಲಸ ಶುರುವಾದದ್ದು ಸರಿಯಾದ ಕ್ರಮದಲ್ಲೇ. ನಳಿಕೆಯ ಒಳಗೋಡೆಯಲ್ಲಿ ಸುರುಳಿ ಗೀರುಗಳಿರುತ್ತವೆ, ಗುಂಡು ತಿರುಗುತ್ತ ಹೋಗಲಿ ಎಂದು. ಆ ಗೀರಿನ ಅಳತೆ ಹೊರಗಿನಿಂದ ಸಿಗುವುದಿಲ್ಲ. ಅದಕ್ಕೆ ಮೆತ್ತನೆಯ ಸೀಸದ ತುಂಡೊಂದನ್ನು ತುಸು ದಪ್ಪವಾಗಿಯೇ ಮಾಡಿ, ಸಳಿಯಿಂದ, ಅಂದರೆ ಉದ್ದನೆಯ ಹಿತ್ತಾಳೆ ಕಡ್ಡಿಯಿಂದ, ನಳಿಕೆಯೊಳಗೆ ನಿಧಾನವಾಗಿ ನೂಕಬೇಕು. ಆ ಕಡೆಯಿಂದ ಹೊರಬಿದ್ದ ತುಂಡಿನ ಮೈಮೇಲೆ ನಳಿಕೆಯ ಅಚ್ಚು ಬಿದ್ದಿರುತ್ತದೆ. ಅದನ್ನು ಮೈಕ್ರೋಮೀಟರಿಗೆ ಹಿಡಿದರೆ ಅಳತೆ ಸಿಕ್ಕಿತು. ನನಗೆ ಸಿಕ್ಕಿದ ಅಳತೆಯ ಪ್ರಕಾರ ಛರ್ರಾದ ತಲೆ ನಾಲ್ಕೂವರೆ ಮಿಲಿಮೀಟರು ಇರಬೇಕು, ಒಂದು ಎಳೆ ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಛರ್ರಾಕ್ಕೆ ತಲೆ ಇರುತ್ತದೆ, ನಡು ಇರುತ್ತದೆ, ಹಿಂದೆ ಲಂಗದ ಹಾಗೆ ಅರಳಿದ ಟೊಳ್ಳು ಭಾಗ ಇರುತ್ತದೆ. ಹಿಂದಿನಿಂದ ಗಾಳಿ ಒದ್ದಾಗ ಆ ಲಂಗ ಅಗಲಿಸಿ ಗೀರಿಗೆ ಕೂರಬೇಕು, ತಲೆ ಮುಂದೆ ನೆಟ್ಟಗೆ ದಾರಿ ಹಿಡಿಯಬೇಕು. ತಲೆ ಸಣ್ಣದಾದರೆ ನಳಿಕೆಯೊಳಗೆ ತೂರಾಡುತ್ತದೆ, ದೊಡ್ಡದಾದರೆ ತಿಕ್ಕಾಡುತ್ತದೆ. ನಾನು ಒಂದೇ ಡೈ ಮಾಡಿದೆ. ಮೊದಲು ನಾಲ್ಕೂವರೆಯ ಛರ್ರಾ ಒತ್ತಿ ತೆಗೆದೆ. ಆಮೇಲೆ ಡೈಯನ್ನು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ತಿಕ್ಕಿ ಅಗಲ ಮಾಡಿ ಇನ್ನೊಂದಿಷ್ಟು, ಮತ್ತೆ ತಿಕ್ಕಿ ಮತ್ತೊಂದಿಷ್ಟು. ಸಣ್ಣ, ನಡು, ದೊಡ್ಡ ಎಂದು ಮೂರು ಡಬ್ಬಿಗಳಲ್ಲಿ ಮೂರು ಅಳತೆ. ಡೈಯನ್ನು ತಿಕ್ಕಿ ಅಗಲ ಮಾಡಬಹುದು, ಮತ್ತೆ ಸಣ್ಣದು ಮಾಡಲು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಸಣ್ಣದು ಮಾಡುವ ಪ್ರಸಂಗ ಬರುವುದಿಲ್ಲ ಅಂದುಕೊಂಡಿದ್ದೆ.

ಒಂದು ಭಾನುವಾರ ಅಕ್ಕೋರು ಖಾನಾಪುರದಿಂದ ರೈಫಲ್ಲು ಹೊತ್ತು ಬಂದರು. ವರ್ಕ್‌ಶಾಪಿನ ಹಿಂದಿನ ಗೋಡೆಯುದ್ದಕ್ಕೂ ಹತ್ತು ಮೀಟರು ಅಳೆದು, ಕೊನೆಯಲ್ಲಿ ಗುರಿಯ ಕಾಗದ ಹಚ್ಚಿದೆ. ಉಸುಕಿನ ಚೀಲದ ಮೇಲೆ ರೈಫಲ್ಲು ಊರಿ ಅವರು ಹೊಡೆದರು. ಮೊದಲು ಸಣ್ಣದು, ಆಮೇಲೆ ನಡುವಿನದು, ಕೊನೆಗೆ ದೊಡ್ಡದು. ಪ್ರತಿ ಅಳತೆಗೂ ಬೇರೆ ಕಾಗದ.

ಸಣ್ಣ ಛರ್ರಾ ಕಾಗದದ ತುಂಬ ಚೆಲ್ಲಾಪಿಲ್ಲಿಯಾಗಿ ಬಿದ್ದವು. ಮೊದಲನೆಯ ಹೊಡೆತಕ್ಕೆ ಸದ್ದೂ ಜೋರು, ನಳಿಕೆಯ ಬಾಯಲ್ಲಿ ತುಸು ಹೊಗೆ. ನಡುವಿನವು ಪರವಾಗಿಲ್ಲ. ದೊಡ್ಡವು ಮಾತ್ರ ಒಂದರ ಪಕ್ಕ ಒಂದು ಕೂತು, ಐದು ತೂತುಗಳೂ ಸೇರಿ ಒಂದು ಶರ್ಟಿನ ಗುಂಡಿಯಷ್ಟಾದವು. ಸೀಸದ ತುಂಡು ಹೇಳಿದ್ದೇ ಬೇರೆ, ಕಾಗದ ಹೇಳಿದ್ದೇ ಬೇರೆ. ಕಣ್ಣೆದುರಿಗಿರುವ ಕಾಗದವನ್ನು ನಂಬಿದೆ. ಉಳಿದ ಸಣ್ಣವನ್ನು ಬಹುಪಾಲು ಕರಗಿಸುವ ಪಾತ್ರೆಗೆ ಸುರಿದು, ದೊಡ್ಡ ಛರ್ರಾಗಳನ್ನು ಒಂದು ತಗಡಿನ ಡಬ್ಬಿಗೆ ತುಂಬಿ ಅಕ್ಕೋರ ಕೈಗೆ ಕೊಟ್ಟೆ. ಆ ದಿನ ವರ್ಕ್‌ಶಾಪಿನಲ್ಲೆಲ್ಲ ಕೊಬ್ಬರಿ ಎಣ್ಣೆಯ ವಾಸನೆ ಇತ್ತು. ಅವರ ಜಡೆಯದ್ದಿರಬೇಕು ಅಂದುಕೊಂಡು ಸುಮ್ಮನಾದೆ, ಹೆಣ್ಣುಮಕ್ಕಳ ತಲೆ ಎಣ್ಣೆಯ ಬಗ್ಗೆ ಕೇಳುವುದು ಮರ್ಯಾದೆಯಲ್ಲ.

ವಾರದೊಳಗೆ ಡಬ್ಬಿ ವಾಪಸು ಬಂತು, ಪರಿಚಯದ ಬಸ್ ಕಂಡಕ್ಟರರ ಕೈಯಲ್ಲಿ. ಮುಚ್ಚಳ ತೆಗೆದರೆ ಒಳಗೆ ಶೇಂಗಾ ಉಂಡೆ. ಅಕ್ಕೋರ ತಾಯಿ ಕಳಿಸಿದ್ದು. ಜೊತೆಗೆ ಕಂಡಕ್ಟರರ ಬಾಯಲ್ಲಿ ಒಂದು ಸುದ್ದಿ. "ಅಕ್ಕೋರು ಹೇಳ್ಯಾರ್ರಿ, ದೊಡ್ಡೂವು ಇಲ್ಲಿ ನಡೀವಲ್ಲವಂತ. ಸುರುವಿಗೆ ಎಲ್ಲೆಲ್ಲೋ ಹೊಕ್ಕಾವಂತ."

ಉಂಡೆ ರುಚಿಯಾಗಿತ್ತು. ಸುದ್ದಿ ಗಂಟಲಿಗಿಳಿಯಲಿಲ್ಲ.

ಮುಂದಿನ ಸಲ ಅಕ್ಕೋರು ಮೊದಲ ಬಸ್ಸಿಗೇ ಬಂದರು. ಬೆಳಗಾವಿಯ ಚಳಿ ನಿಮಗೆ ಗೊತ್ತಲ್ಲ, ಅಂದು ಲೇತಿನ ಹಿಡಿಕೆ ಮುಟ್ಟಿದರೆ ಬೆರಳು ಅಂಟುವ ಹಾಗಿತ್ತು. ರೈಫಲ್ಲು ಮಡಚಿ, ನನ್ನಲ್ಲಿ ಉಳಿದಿದ್ದ ಒಂದು ದೊಡ್ಡ ಛರ್ರಾ ನಾನೇ ಹಾಕಲು ಹೋದೆ. ಒಳಗೆ ಹೋಗಲೇ ಇಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಜಿಗುಟು ಜಿಗುಟಾಗಿ ಅರ್ಧ ಹೋಗಿ ನಿಂತಿತು. ನಳಿಕೆಯ ಬುಡದಲ್ಲಿ ಬಿಳಿಚು ಪೊರೆಯೊಂದು ಕಂಡಿತು. ಸೀಸ ಉಜ್ಜಿ ಉಜ್ಜಿ ಹೀಗಾಗಿದೆ ಅಂದುಕೊಂಡೆ, ಸಳಿ ಹಾಕುವುದಕ್ಕಂತೂ ಅಪ್ಪಣೆಯಿಲ್ಲ. ಚಹಾ ಕುಡಿದು, ಬಿಸಿಲೇರುವ ತನಕ ಬೇರೆ ಕೆಲಸ ನೋಡಿ, ಮಧ್ಯಾಹ್ನ ಅದೇ ಡಬ್ಬಿಯ ಇನ್ನೊಂದು ಛರ್ರಾ ಹಾಕಿದರೆ ತುಪ್ಪದಲ್ಲಿ ಜಾರಿದ ಹಾಗೆ ಸುಳಕ್ಕನೆ ಒಳಗೆ ಹೋಯಿತು.

ನಾನು ಕಕ್ಕಾಬಿಕ್ಕಿಯಾದೆ. ಚಳಿಗೆ ಉಕ್ಕು ಕುಗ್ಗುತ್ತದೆ, ಅದು ಸರಿ. ಎಷ್ಟು ಕುಗ್ಗುತ್ತದೆ ಎಂದು ಲೆಕ್ಕ ಹಾಕಿದರೆ ನನ್ನ ಮೈಕ್ರೋಮೀಟರಿಗೆ ಕಾಣುವಷ್ಟೂ ಇಲ್ಲ. ಛರ್ರಾವನ್ನು ಬೆಳಿಗ್ಗೆ ಅಳೆದೆ, ಮಧ್ಯಾಹ್ನ ಅಳೆದೆ, ಒಂದೇ. ಮೈಕ್ರೋಮೀಟರಿನ ಮೇಲೇ ಸಂಶಯ ಬಂದು ಬಾಜೂ ವರ್ಕ್‌ಶಾಪಿನವರದು ತಂದು ಅಳೆದೆ, ಆಗಲೂ ಒಂದೇ. ಅಕ್ಕೋರು ನನ್ನನ್ನೇ ನೋಡುತ್ತ ಕೂತಿದ್ದರು. ಆ ನೋಟ ನನಗೆ ಸಹಿಸಲಾಗಲಿಲ್ಲ.

"ಮನ್ಯಾಗ ಹೊಡೀವಾಗ ಹೆಂಗಾಗ್ತೈತ್ರಿ?" ಎಂದು ಕೇಳಿದೆ.

"ಮನ್ಯಾಗಲ್ರಿ, ಸಾಲಿ ಹಿಂದಿನ ಶೆಡ್ಡಿಗೆ ಒಯ್ತೀನಿ. ಸುರುವಿಗೆ ಹಾಳು, ಹೊಡಕೋತ ಹೊಡಕೋತ ಚಲೋ. ನನ್ನ ಕೈ ಕಾಯಾಕ ಹೊತ್ತು ಬೇಕಾಗ್ತೈತಿ ಅಂತಾರ ಸುಭೇದಾರರು."

ನಾನೂ ತಲೆಯಾಡಿಸಿದೆ. ಕೈ ಕಾಯುವುದಂತೆ! ಆ ಕೈ ಯಾವತ್ತೂ ಒಂದೇ ಹದದಲ್ಲಿತ್ತು. ಅದು ನನಗೆ ಆಗಲೇ ಹೊಳೆಯಬೇಕಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಸೀಸದ ಮೇಲೆ ಹೋದೆ. ಹಳೆಯ ಬ್ಯಾಟರಿಯ ಸೀಸ ಗಟ್ಟಿ, ಕೇಬಲ್ಲಿನ ಹೊದಿಕೆಯ ಸೀಸ ಮೆತ್ತಗೆ. ಗಟ್ಟಿ ಸೀಸದ ಲಂಗ ಅರಳುವುದಿಲ್ಲ. ನನಗೆ ಬ್ಯಾಟರಿಯದ್ದು ಬೆರೆಸಿ ಕೊಟ್ಟಿದ್ದಾರೆ ಎಂದು ತೀರ್ಮಾನಿಸಿ, ಸೀಸ ಕೊಂಡಿದ್ದ ಪೇಟೆಯ ಗುಜರಿ ಅಂಗಡಿಗೆ ಸಿಟ್ಟಿನಿಂದಲೇ ಹೋದೆ. ಆ ಅಂಗಡಿಯ ಚಾಚಾ ತಲೆತಲಾಂತರದಿಂದ ಅಲ್ಲಿಯೇ ಕೂತವರು. ನನ್ನ ಭಾಷಣ ಮುಗಿಯುವ ತನಕ ಪಾನ್ ಅಗಿದರು.

"ಸೀಸಾಕ್ಕ ಸುಳ್ಳು ಹೇಳಾಕ ಬರೂದಿಲ್ರಿ ಸಾಹೇಬ್ರ," ಎಂದರು. "ಉಗರಿಂದ ಗೀರ್ರಿ. ಗೀರು ಬಿತ್ತಂದ್ರ ಮೆತ್ತಗ. ನಿಮ್ಮ ಕಿಸೇದಾಗಿಂದ ತಗೀರಿ, ಇಲ್ಲೇ ನೋಡೂಣು."

ಗೀರಿದೆ. ಗೀರು ಚೆನ್ನಾಗಿಯೇ ಬಿತ್ತು. ಚಾಚಾ ನಗಲಿಲ್ಲ, ಚಹಾ ತರಿಸಿದರು. ನಕ್ಕಿದ್ದರೆ ವಾಸಿಯಾಗಿತ್ತು.

ಡಿಸೆಂಬರ್ ಮುಗಿಯುತ್ತ ಬಂದಿತ್ತು. ಮತ್ತೊಂದು ಭಾನುವಾರ ಅಕ್ಕೋರು ಬಂದಾಗ ಕೈಗೆ ಸಿಕ್ಕ ದೊಡ್ಡ ಛರ್ರಾಗಳಿಂದಲೇ ಶುರು ಮಾಡಿದೆವು. ಹಿಂದೆ ಶರ್ಟಿನ ಗುಂಡಿಯಷ್ಟು ಜಾಗದಲ್ಲಿ ಕೂತಿದ್ದವು ಇಂದು ಕಾಗದದ ನಾಲ್ಕೂ ಮೂಲೆಗೆ ಚದುರಿದವು. ನಡುವಿನವು ಪರವಾಗಿಲ್ಲ. ಕರಗಿಸದೆ ಉಳಿದಿದ್ದ ನಾಲ್ಕಾರು ಸಣ್ಣ ಛರ್ರಾಗಳನ್ನು, ಬೇಸತ್ತು, ಇವನ್ನೂ ಹೊಡೆದು ಮುಗಿಸಿಬಿಡಿ ಎಂದು ಕೊಟ್ಟೆ. ಅವು ಒಂದೇ ತೂತಿನಲ್ಲಿ ಹಾದುಹೋದ ಹಾಗೆ ಬಿದ್ದವು.

"ಅಣ್ಣಾರ," ಎಂದರು ಅಕ್ಕೋರು, "ಮೊದಲ ಸಲ ದೊಡ್ಡೂವು ಚಲೋ ಅಂದ್ರಿ."

"ಅಂದಿದ್ನಿ."

"ಈಗ ಸಣ್ಣೂವು ಚಲೋ ಅನ್ರಿ?"

ನನಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಬೇಕು. ಸಣ್ಣದು ಸರಿಯಾದರೆ ಡೈ ಆಗಲೇ ಕೈ ಮೀರಿ ಅಗಲವಾಗಿತ್ತು. ದೊಡ್ಡದು ಸರಿಯಾದರೆ ಕಾಗದ ಸುಳ್ಳು. ಎರಡೂ ಸರಿ, ಎರಡೂ ತಪ್ಪು ಎಂದರೆ ನನ್ನ ಕಸುಬಿಗೇ ಅರ್ಥವಿಲ್ಲ. ಅಕ್ಕೋರು ರೈಫಲ್ಲಿಗೆ ತಾವೇ ಹೊಲಿದ ಗವಸು ತೊಡಿಸುವಾಗ, ಇನ್ನೆಷ್ಟು ಸಲ ತೊಡಿಸುತ್ತಾರೋ ಅಂದುಕೊಂಡೆ.

ಅವರನ್ನು ಬಸ್ಸು ಹತ್ತಿಸಿ ಬಂದು, ಅದುವರೆಗಿನ ಗುರಿಯ ಕಾಗದಗಳನ್ನೆಲ್ಲ ವರ್ಕ್‌ಶಾಪಿನ ನೆಲದ ಮೇಲೆ ಹಾಸಿದೆ. ನನ್ನ ಅಭ್ಯಾಸದಂತೆ ಅಳತೆಯ ಪ್ರಕಾರ ಜೋಡಿಸಿದೆ: ಸಣ್ಣವು ಒಂದು ಸಾಲು, ನಡುವಿನವು ಒಂದು, ದೊಡ್ಡವು ಒಂದು. ಏನೂ ಅರ್ಥವಾಗಲಿಲ್ಲ. ಊಟಕ್ಕೆ ಕರೆಯಲು ಬಂದ ಹೆಂಡತಿ ಬಾಗಿಲಲ್ಲಿ ನಿಂತು, "ಇಸ್ಪೇಟ ಆಡಾಕತ್ತೀರಿ ಅನ್ರಿ. ಯಾರು ಗೆದ್ರು?" ಎಂದಳು. ಸಿಟ್ಟು ಬಂದು ಕಾಗದಗಳನ್ನೆಲ್ಲ ಕಲಸಿಬಿಟ್ಟೆ. ಮತ್ತೆ ಆರಿಸುವಾಗ, ಅಳತೆಯನ್ನು ಬಿಟ್ಟು, ಯಾವುದು ಮೊದಲು ಹೊಡೆದದ್ದು ಯಾವುದು ಆಮೇಲೆ ಹೊಡೆದದ್ದು ಎಂಬ ಪ್ರಕಾರ ಇಟ್ಟು ನೋಡಿದೆ.

ಪ್ರತಿ ಭಾನುವಾರದ ಮೊದಲ ಕಾಗದ ಹಾಳು, ಕೊನೆಯ ಕಾಗದ ಚಲೋ. ಅದರಲ್ಲಿ ಸಣ್ಣದಿರಲಿ, ದೊಡ್ಡದಿರಲಿ.

ನಾನು ನೆಲದ ಮೇಲೆಯೇ ಕೂತೆ. ಇಷ್ಟು ದಿನ ನಾನು ಛರ್ರಾವನ್ನು ಪರೀಕ್ಷಿಸಿರಲೇ ಇಲ್ಲ. ರೈಫಲ್ಲು ಬರುವಾಗ ತನ್ನೊಳಗೆ ಏನನ್ನೋ ತುಂಬಿಕೊಂಡು ಬರುತ್ತದೆ, ಹೊಡೆದ ಹಾಗೆಲ್ಲ ಅದು ಖಾಲಿಯಾಗುತ್ತದೆ, ಖಾಲಿಯಾದ ಮೇಲೆ ಸರಿಹೋಗುತ್ತದೆ. ಏನದು? ಬೆಳಿಗ್ಗೆ ಬಿಗಿ, ಮಧ್ಯಾಹ್ನ ಸಡಿಲು ಯಾಕೆ? ಅದು ಇನ್ನೂ ಗೊತ್ತಾಗಲಿಲ್ಲ. ಒಂದು ಮಾತ್ರ ನಿಶ್ಚಯ ಮಾಡಿದೆ: ಇನ್ನು ಡೈಗೆ ಕೈ ಹಚ್ಚುವುದಿಲ್ಲ, ಮೈಕ್ರೋಮೀಟರು ಮುಟ್ಟುವುದಿಲ್ಲ. ಈ ರೈಫಲ್ಲು ಬೆಳಿಗ್ಗೆ ಏಳುವ ಮನೆಗೇ ಹೋಗಿ ನೋಡುತ್ತೇನೆ. ಅಳತೆಗಾರನೊಬ್ಬ ಅಳತೆಯ ಪೆಟ್ಟಿಗೆ ಬಿಟ್ಟು ಹೊರಟದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಮೊದಲ ಬಸ್ಸಿಗೆ ಖಾನಾಪುರ ತಲುಪಿದಾಗ ಊರಿನ್ನೂ ಮಂಜಿನಲ್ಲಿತ್ತು. ಅಕ್ಕೋರ ಮನೆ ಪೇಟೆಯ ಹಿಂದಿನ ಓಣಿಯಲ್ಲಿ. ಅವರು ಜಳಕಕ್ಕೆ ಹೋಗಿದ್ದರು. ತಾಯಿ ಬಾಗಿಲು ತೆರೆದರು, ಕಚ್ಚೆ ಹಾಕಿ ನೌವಾರಿ ಸೀರೆ ಉಟ್ಟ ಗಟ್ಟಿಮುಟ್ಟಾದ ಹೆಂಗಸು.

"ಬರ್ರಿ ಸಾಹೇಬ್ರ, ಕುಂದರ್ರಿ. ಉಂಡಿ ಮುಟ್ಟಿದ್ವಿಲ್ಲೋ? ಅಕಿ ಬರ್ತಾಳ ಈಗ. ಇವತ್ತ ಸಾಲಿಗೆ ಹೋಗೂದಕಿಂತ ಮೊದಲ ಶೆಡ್ಡಿಗೆ ಹೊಂಟಾಳ."

ನಾನು ಪಡಸಾಲೆಯ ಕಂಬಳಿಯ ಮೇಲೆ ಕೂತೆ. ರೈಫಲ್ಲು ಮೂಲೆಯಲ್ಲಿ ಬಾಯಿ ಮೇಲೆ ಮಾಡಿ ನಿಂತಿತ್ತು. ತಾಯಿ ಒಳಗೆ ಹೋಗಿ ಒಲೆಯ ಬದಿಯಿಂದ ಒಂದು ಸಣ್ಣ ವಾಟಿ ತಂದರು. ಅದರಲ್ಲಿ ಆಗಷ್ಟೇ ಕರಗಿದ ಕೊಬ್ಬರಿ ಎಣ್ಣೆ. ಪಕ್ಕದ ಗೂಡಿನಲ್ಲಿದ್ದ ಎಣ್ಣೆಯ ಸೀಸೆ ನನಗೆ ಕಾಣುತ್ತಿತ್ತು, ಚಳಿಗೆ ಒಳಗಿನ ಎಣ್ಣೆ ಸುಣ್ಣದ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ತಾಯಿ ಒಂದು ನವಿಲುಗರಿಯನ್ನು ವಾಟಿಯಲ್ಲಿ ಅದ್ದಿ, ನಳಿಕೆಯ ಬಾಯಿಗಿಟ್ಟು, ಕೂಸಿನ ಕಿವಿಗೆ ಔಷಧ ಬಿಡುವ ಹಾಗೆ ತಾಳ್ಮೆಯಿಂದ ಹನಿಹನಿಯಾಗಿ ಒಳಗಿಳಿಸಿದರು.

ಆ ಹೊಗೆ, ಆ ಸದ್ದು, ಆ ವಾಸನೆ, ಆ ಬಿಳಿಚು ಪೊರೆ ಎಲ್ಲ ಒಮ್ಮೆಲೇ ಬಂದು ಸಾಲಾಗಿ ನಿಂತವು. ತಣ್ಣಗಿನ ಉಕ್ಕಿಗೆ ತಾಗಿದ ಎಣ್ಣೆ ಬೆಳಿಗ್ಗೆ ಹೆಪ್ಪುಗಟ್ಟಿ ನಳಿಕೆಯನ್ನು ಬಿಗಿ ಮಾಡುತ್ತದೆ. ಬಿಸಿಲೇರಿದರೆ ಕರಗಿ ಜಾರುತ್ತದೆ. ಬುಡಕ್ಕಿಳಿದದ್ದು ಗಾಳಿ ಒತ್ತುವ ಕೋಣೆಗೆ ಹೋಗಿ, ಒತ್ತಡದ ಕಾವಿಗೆ ಹೊತ್ತಿಕೊಂಡು, ಒಂದೊಂದು ಗುಂಡನ್ನು ಒಂದೊಂದು ವೇಗದಲ್ಲಿ ಒದೆಯುತ್ತದೆ. ಎಣ್ಣೆ ಸುಟ್ಟು ಮುಗಿದ ಮೇಲೆ ಎಲ್ಲವೂ ಸರಿ.

"ಅವ್ವಾರ, ಅದನ್ಯಾಕ ಹಾಕ್ತೀರಿ?" ಎಂದೆ ಕಡೆಗೆ.

ಇಂಥ ಪ್ರಶ್ನೆಯನ್ನು ದೊಡ್ಡವರು ಕೇಳುತ್ತಾರೆಯೇ ಎಂಬಂತೆ ನೋಡಿದರು. "ಮಂದಿ ವಸ್ತುರಿ. ಖಾಲಿ ಕಳಸ್ತಾರೇನು? ಬಾಜೂ ಮನಿ ವಾಟಿ ತಂದ್ರ ನಾವು ಹಂಗ ಕೊಡ್ತೀವೇನ್ರಿ? ಒಂದು ಚೂರು ಬೆಲ್ಲರೇ ಹಾಕಿ ಕೊಡ್ತೀವಿ. ಇದು ಕಬ್ಬಿಣದ್ದು, ಬೆಲ್ಲಾ ತಿನ್ನೂದಿಲ್ಲ. ಅದಕ್ಕ ಎಣ್ಣಿ."

"ದಿನಾ ಹಾಕ್ತೀರೇನು?"

"ಹೊಸ್ತಿಲಾ ದಾಟೂ ದಿನಾ. ಅಕಿ ಜಳಕಾ ಮಾಡೂ ಹೊತ್ತಿನ್ಯಾಗ ಹಾಕಿಬಿಡ್ತೀನಿ, ಅಕಿಗೆ ಇಂಥಾವು ನೆನಪ ಇರೂದಿಲ್ಲ. ನಮ್ಮ ಮನೀವು ಕುಡಗೋಲು, ಈಳಿಗಿ ಹೆಂಗ ಹೋದ್ರೂ ನಡೀತೈತಿ. ಎರವಲು ತಂದದ್ದು ಬರೇ ಹೊಟ್ಟಿಲೆ ಹೋಗಬಾರ್ದು."

ನನ್ನ ಮನೆಯಲ್ಲೂ ಅದೇ ರೂಢಿ. ನನ್ನ ಡಬ್ಬಿ ಒಂದು ಸಲವೂ ಖಾಲಿ ಬಂದಿರಲಿಲ್ಲ. ಡಬ್ಬಿಯಲ್ಲಿ ಬಂದದ್ದನ್ನೆಲ್ಲ ತಿಂದು ತೇಗಿದವನು, ರೈಫಲ್ಲೂ ಖಾಲಿ ಬರುತ್ತಿಲ್ಲ ಎಂದು ಯೋಚಿಸಿರಲಿಲ್ಲ. ಅಷ್ಟರಲ್ಲಿ ಅಕ್ಕೋರು ಒದ್ದೆ ಕೂದಲು ಒರೆಸಿಕೊಳ್ಳುತ್ತ ಬಂದು ನವಿಲುಗರಿಯನ್ನು ನೋಡಿದರು, ನನ್ನ ಮುಖವನ್ನು ನೋಡಿದರು. ಅವರಿಗೂ ಅರ್ಥವಾಗಿಹೋಯಿತು.

ತಾಯಿಗೆ ನಾನೇ ತಿಳಿಸಿ ಹೇಳಿದೆ, ಎಷ್ಟು ಹಗುರಾಗಿ ಹೇಳಬಹುದೋ ಅಷ್ಟು ಹಗುರಾಗಿ. ಅವರು ವಾಟಿಯನ್ನು ನೆಲಕ್ಕಿಟ್ಟರು. ನವಿಲುಗರಿಯನ್ನು ಸೆರಗಿಗೆ ಒರೆಸುತ್ತ ಕೇಳಿದರು.

"ಹೋದ ವರ್ಷ ಅಕಿ ಅಳಕೋತ ಬಂದ್ಲು. ಅದೂ ನನ್ನ ಎಣ್ಣಿಯಿಂದನ ಏನು?"

"ಇಲ್ಲವ್ವಾ, ಹೋದ ವರ್ಷ ನಾ ಹೆದರಿದ್ನಿ," ಎಂದರು ಅಕ್ಕೋರು. ಅದೇ ಹೊತ್ತಿಗೆ ನಾನೂ ಬಾಯಿ ಹಾಕಿದ್ದೆ, "ಪೇಟಿ ಛರ್ರಾನ ಕೆಟ್ಟಿದ್ದೂರಿ ಅವ್ವಾರ."

ತಾಯಿ ಇಬ್ಬರನ್ನೂ ನೋಡಿದರು. "ಹೇಳೂದಿದ್ರ ಇಬ್ರೂ ಕೂಡಿ ಒಂದ ಸುಳ್ಳು ಹೇಳ್ರಲಾ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಕ್ಕೋರು ಹೋಗಿ ಅವರ ಪಕ್ಕ ಕೂತರು. ನಾನು ರೈಫಲ್ಲಿನ ಕಡೆ ತಿರುಗಿದೆ.

ಸಳಿ ಹಾಕುವಂತಿರಲಿಲ್ಲ. ಅಕ್ಕೋರೇ ಉಪಾಯ ಹುಡುಕಿದರು. ದಪ್ಪ ಹೊಲಿಗೆ ದಾರವನ್ನು ನಾಲ್ಕೆಳೆ ಮಾಡಿ, ತುದಿಗೆ ಹಳೆಯ ಧೋತರದ ಪಟ್ಟಿ ಕಟ್ಟಿ, ಸೀಮೆಎಣ್ಣೆಯಲ್ಲಿ ಅದ್ದಿ, ನಳಿಕೆಯ ಬುಡದಿಂದ ಬಾಯಿಗೆ ಎಳೆದರು. ಪಟ್ಟಿ ಬೆಣ್ಣೆ ಮೆತ್ತಿದ ಹಾಗೆ ಹೊರಬಂತು. ಒಣ ಪಟ್ಟಿ ಒಣದಾಗಿಯೇ ಬರುವ ತನಕ ಎಳೆದೆವು. ಆಮೇಲೆ ಶೆಡ್ಡಿಗೆ ಹೋಗಿ ಹೊಗೆ, ವಾಸನೆ ನಿಲ್ಲುವ ತನಕ ಹೊಡೆದು, ಒಳಗಿನ ಎಣ್ಣೆಯನ್ನೂ ತೀರಿಸಿದೆವು.

ಮುಂದಿನ ಪರೀಕ್ಷೆ ನನ್ನ ವರ್ಕ್‌ಶಾಪಿನಲ್ಲಿ, ಹೆಂಡತಿಯ ಉಸ್ತುವಾರಿಯಲ್ಲಿ. ಕರಗಿಸುವ ಪಾತ್ರೆಯ ತಳ ಕೆರೆದು ಹುಡುಕಿ ತೆಗೆದ, ಇನ್ನೂ ಕರಗದಿದ್ದ ಕೆಲವು ಸಣ್ಣವು, ನಡುವಿನವು, ದೊಡ್ಡವು. ಅವನ್ನು ಅವಳೇ ಪೊಟ್ಟಣ ಕಟ್ಟಿ, ಹಿಂದುಮುಂದು ಮಾಡಿ, ಯಾವುದರಲ್ಲಿ ಯಾವುದಿದೆ ಎಂದು ನಮ್ಮಿಬ್ಬರಿಗೂ ಹೇಳದೆ ಒಂದೊಂದಾಗಿ ಕೊಟ್ಟಳು. ಬೆಳಿಗ್ಗೆಯ ಚಳಿಯಲ್ಲಿ ಒಂದು ಸಲ, ಮಧ್ಯಾಹ್ನದ ಬಿಸಿಲಲ್ಲಿ ಒಂದು ಸಲ. ಎರಡೂ ಸಲ, ಮೊದಲಿಗೆ ಬರಲಿ ಕೊನೆಗೆ ಬರಲಿ, ಸಣ್ಣದೇ ಗೆದ್ದಿತು. ನಾಲ್ಕೂವರೆ ಮಿಲಿಮೀಟರು. ಸೀಸದ ತುಂಡು ಮೊದಲ ದಿನವೇ ಹೇಳಿದ್ದ ಅಳತೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದ್ದೆ.

ಡೈ ಮಾತ್ರ ದೊಡ್ಡದಾಗಿಯೇ ಕೂತಿತ್ತು, ಹೊಸದು ಮಾಡಲು ಸಮಯವಿರಲಿಲ್ಲ. ದೊಡ್ಡ ಛರ್ರಾವನ್ನೇ ಸಣ್ಣ ಮಾಡಬೇಕು ಎಂದು ಉಕ್ಕಿನ ಪಟ್ಟಿಯೊಂದರಲ್ಲಿ ಉಂಗುರದಂಥ ತೂತು ಕೊರೆದು, ಒಳಗೆ ತಿಕ್ಕಿ ನಯ ಮಾಡಿದೆ. ಛರ್ರಾದ ತಲೆ ಮಾತ್ರ ಅದರೊಳಗೆ ಹೊಕ್ಕು ಹಿಂದೆ ಬರಬೇಕು, ಲಂಗಕ್ಕೆ ತಾಗಬಾರದು. ಮೊದಲನೆಯ ಉಂಗುರ ತಿಕ್ಕುವಾಗ ಅಳತೆ ಮೀರಿತು. ಎರಡನೆಯದು ಸರಿಬಂತು. ಒತ್ತುವ ಕೆಲಸವನ್ನು ಅಕ್ಕೋರೇ ಮಾಡಿದರು. ನಾನು ಒತ್ತಿದರೆ ನಾಲ್ಕರಲ್ಲಿ ಒಂದರ ಲಂಗ ಸೊಟ್ಟಗಾಗುತ್ತಿತ್ತು.

ಟ್ರಯಲ್ ನಡೆದದ್ದು ಹಿಂಡಲಗಾ ರಸ್ತೆಯ ಕಡೆಯ ಚಾಂದಮಾರಿಯಲ್ಲಿ, ಅಂದರೆ ಗುರಿ ಹೊಡೆಯುವ ಮೈದಾನದಲ್ಲಿ. ಕೊರೆಯುವ ಬೆಳಗು. ತಾಯಿಯೂ ಬಂದಿದ್ದರು, ಗವಸು ತೊಟ್ಟ ರೈಫಲ್ಲನ್ನು ತಾವೇ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡವರೇ ಹತ್ತಿರ ಕರೆದರು.

"ತಮ್ಮಾ, ನೀ ಹೇಳಿದಿ ಅಂತ ಖಾಲೀನ ತಂದೇನಿ. ಮನಸಿಗೆ ಚಲೋ ಅನಸವಲ್ದು. ಎರವಲು ವಸ್ತು, ಇವತ್ತ ವಾಪಸ್ ಹೋಗಬೇಕಾತಂದ್ರ ಬರೇ ಹೊಟ್ಟಿಲೆ ಹೋಗ್ತೈತಲ್ಲೋ."

ಅಷ್ಟರಲ್ಲಿ ಅಕ್ಕೋರ ಸರದಿ ಬಂತು. ಅವರು ಛರ್ರಾ ಹಾಕುವಾಗ ನಾನು ಅವರ ಹೆಬ್ಬೆರಳನ್ನೇ ನೋಡುತ್ತಿದ್ದೆ. ಬಿಗಿಯಲ್ಲ, ಸಡಿಲಲ್ಲ. ಮೊದಲ ಹೊಡೆತಕ್ಕೆ ಹೊಗೆಯಿಲ್ಲ, ವಾಸನೆಯಿಲ್ಲ, ಸದ್ದೂ ಸಣ್ಣದು. ದೂರದಲ್ಲಿ ಕಪ್ಪು ವೃತ್ತದ ನಡುವೆ ಒಂದು ತೂತು. ಎರಡನೆಯದು ಅದರ ಮಗ್ಗುಲಿಗೇ. ಆಮೇಲೆ ನಾನು ನೋಡಲಿಲ್ಲ, ಅಂಗಳದ ಕಲ್ಲಿನ ಮೇಲೆ ಬೆನ್ನು ಹಾಕಿ ಕೂತೆ.

ಸುಭೇದಾರರು ಹೆಸರು ಓದಿದರು. ಅಕ್ಕೋರದು ಕೊನೆಯ ಹೆಸರು. ಕೊನೆಯದಾದರೇನು, ಇತ್ತು. "ರೈಫಲ್ಲು ನಿನ್ನ ಹತ್ರನ ಇರ್ಲಿ," ಎಂದರು ಅವರು. "ಕೈ ಕಾಯಾಕ ಈ ಸಲ ಹೊತ್ತು ಹಿಡೀಲಿಲ್ಲ ನೋಡು."

ತಾಯಿ ನಡುವೆ ಬಂದು ಕೇಳಿದರು, "ಅಂದ್ರ ಇನ್ಮ್ಯಾಲೆ ಇದು ನಮ್ಮನೀದ ಆತೇನ್ರಿ?"

ಸುಭೇದಾರರಿಗೆ ಎಣ್ಣೆಯ ಕತೆ ಒಂದೂ ಗೊತ್ತಿಲ್ಲ. "ಹಂಗಂತ ತಿಳ್ಕೋರಿ ಬಾಯಾರ," ಎಂದರು.

"ಹಂಗಾರ ಖಾಲಿ ತಂದದ್ದು ತಪ್ಪಾಗ್ಲಿಲ್ಲ," ಎಂದು ತಾಯಿ ನನ್ನ ಕಡೆ ನೋಡಿ ತಲೆಯಾಡಿಸಿದರು.

ಕೆಲವು ವಾರ ಕಳೆದ ಮೇಲೆ ಹೊಸ ಡೈ ಮಾಡಿ, ಸರಿಯಾದ ಅಳತೆಯ ಛರ್ರಾಗಳನ್ನು ಅದೇ ತಗಡಿನ ಡಬ್ಬಿಗೆ ತುಂಬಿ ಖಾನಾಪುರಕ್ಕೆ ಕಳಿಸಿದೆ. ಡಬ್ಬಿ ವಾಪಸು ಬಂದಾಗ ಕಂಡಕ್ಟರರ ಕೈಯಿಂದ ಆಸೆಯಿಂದಲೇ ತೆಗೆದುಕೊಂಡೆ, ಈ ಸಲ ಎಳ್ಳುಂಡೆಯೋ ಶೇಂಗಾ ಉಂಡೆಯೋ ಎಂದು. ಮನೆಗೆ ಒಯ್ದು ಮುಚ್ಚಳ ತೆಗೆದೆ. ಏನೂ ಇರಲಿಲ್ಲ. ಒಳಗೆಲ್ಲ ಒರೆಸಿ ಒಣಗಿಸಿದ ಬರಿ ಡಬ್ಬಿ.

ಮನಸ್ಸಿಗೆ ಪಿಚ್ಚೆನಿಸಿತು. ನನ್ನ ಯಾವ ಮಾತಿಗೆ ಆ ತಾಯಿ ನೊಂದುಕೊಂಡರೋ, ಎಣ್ಣೆಯ ಮಾತನ್ನು ಇನ್ನೂ ಮರೆತಿಲ್ಲವೋ ಎಂದು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತ ನಿಂತೆ. ಚಾಂದಮಾರಿಯಲ್ಲಿ ಅವರು ನನ್ನನ್ನು ತಮ್ಮಾ ಎಂದು ಕರೆದದ್ದು ಆಗ ನೆನಪಾಯಿತು. ಅದಕ್ಕೂ ಮೊದಲು ಪಡಸಾಲೆಯಲ್ಲಿ, ವಾಟಿ ಕೈಯಲ್ಲಿ ಹಿಡಿದು ಹೇಳಿದ ಮಾತೂ ನೆನಪಾಯಿತು: ಮನೀವು ಹೆಂಗ ಹೋದ್ರೂ ನಡೀತೈತಿ.

"ಏನ ಕಳಿಸ್ಯಾರ್ರಿ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು.

"ಏನೂ ಇಲ್ಲ," ಎಂದೆ. "ನಾವು ಅವರ ಮನೀ ಮಂದಿ ಆಗೇವಿ."